ಅತ್ತಯ್ಯ, ನಾನು ಮತ್ತು ವಾಲ್ಯೂಮ್ ಪೆಡಲ್ಲು

ನನ್ನ ಬಲಗಾಲಿಗೆ ಒಂದು ಅಭ್ಯಾಸವಿದೆ. ಎಲ್ಲಾದರೂ ಸದ್ದು ಜೋರಾಯಿತೆಂದರೆ ಅದು ತಾನಾಗಿಯೇ ಹಿಮ್ಮಡಿಯೂರಿ ಬೆರಳುಗಳನ್ನು ಮೇಲಕ್ಕೆತ್ತುತ್ತದೆ. ಪಕ್ಕದ ಮನೆಯ ಮಿಕ್ಸಿಯಲ್ಲಿ ಚಟ್ನಿ ಅರೆಯುತ್ತಿರಲಿ, ಮದುವೆಮನೆಯಲ್ಲಿ ಗಟ್ಟಿಮೇಳ ಮೊಳಗಲಿ, ಕಾಲು ತನ್ನ ಕೆಲಸ ಮಾಡಿಬಿಡುತ್ತದೆ. ಫೋನಿನಲ್ಲಿ ಆ ಕಡೆಯವರ ಮಾತು ಕೇಳಿಸದಿದ್ದರೆ ಅದೇ ಕಾಲು ಬೆರಳೂರಿ ನೆಲವನ್ನು ಒತ್ತುತ್ತದೆ. ಇದರಿಂದ ಮಿಕ್ಸಿಯೂ ತಗ್ಗಿಲ್ಲ, ಫೋನೂ ಹೆಚ್ಚಿಲ್ಲ. ಆದರೂ ಕಾಲು ತನ್ನ ಪ್ರಯತ್ನ ಬಿಟ್ಟಿಲ್ಲ. ಮೊನ್ನೆ ಕಾರಿನಲ್ಲಿ ಹೋಗುವಾಗ ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ನನ್ನ ಕಾಲು ಎದ್ದದ್ದನ್ನು ನೋಡಿ ನನ್ನ ಗಂಡ ಪ್ರಸಾದ್, "ಬ್ರೇಕು ನನ್ನ ಕಡೆ ಇದೆ ವಿಮಲಾ" ಎಂದರು. ಅದು ಬ್ರೇಕಲ್ಲ ಎಂದು ಅವರಿಗೂ ಗೊತ್ತು. ಈ ಕಾಲನ್ನು ಕೆಡಿಸಿದ್ದರಲ್ಲಿ ಅವರಿಗೂ ಪಾಲಿದೆ.

ನಾನು ನುಡಿಸುವುದು ಹವಾಯಿಯನ್ ಗಿಟಾರ್. ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಸಣ್ಣ ಸರಳೊಂದನ್ನು ತಂತಿಗಳ ಮೇಲೆ ಜಾರಿಸುತ್ತಾ, ಬಲಗೈಯಿಂದ ಮೀಟುವ ವಾದ್ಯ ಅದು. ಹಾಸನದಲ್ಲಿ ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ನನ್ನ ಕೈಯಲ್ಲಿ ವೀಣೆ ನೋಡುವ ಆಸೆಯಿತ್ತು. ಆದರೆ ನಮ್ಮ ಬೀದಿಯವರೆಗೆ ಸೈಕಲ್ ತುಳಿದುಕೊಂಡು ಬಂದು ಪಾಠ ಹೇಳಲು ಒಪ್ಪಿದ ಮೇಷ್ಟ್ರಿಗೆ ಬರುತ್ತಿದ್ದದ್ದು ಗಿಟಾರ್ ಒಂದೇ. ಹೀಗಾಗಿ ನನ್ನ ಸಂಗೀತವನ್ನು ನಿರ್ಧರಿಸಿದ್ದು ಒಂದು ಸೈಕಲ್ಲು. ಕಿಟಕಿಯಾಚೆಯಿಂದ ನೋಡಿದ ಎದುರುಮನೆಯ ಅಜ್ಜಿ, "ಪಾಪ, ಇಷ್ಟು ಚಿಕ್ಕ ಹುಡುಗಿ ಕೈಲಿ ದಿನಾ ಇಸ್ತ್ರಿ ಮಾಡಿಸ್ತಾರಲ್ಲ" ಎಂದು ಅಮ್ಮನನ್ನು ಗದರಿದ್ದರಂತೆ. ಎರಡು ಕೈಗೂ ಕೆಲಸವಿದ್ದದ್ದರಿಂದ ತಾಳ ಹಾಕುವ ಕೆಲಸ ಬಲಗಾಲಿಗೆ ಬಿತ್ತು. ಅಲ್ಲಿಂದ ಮುಂದಕ್ಕೆ ಅದು ಶಾಲೆಯ ಪ್ರಾರ್ಥನೆಗೂ ತಾಳ ಹಾಕಿತು, ಬಸ್ಸಿನ ಇಂಜಿನ್ನಿಗೂ ಹಾಕಿತು.

ಪ್ರಸಾದ್ ವಿಜಯವಾಡದವರು. ಇಂಜಿನಿಯರಿಂಗ್ ಓದಲು ದಾವಣಗೆರೆಗೆ ಬಂದಿದ್ದ ಆಂಧ್ರದ ಹುಡುಗರಲ್ಲಿ ಒಬ್ಬರು. ಅವರು ಹಾಸ್ಟೆಲಿನಲ್ಲಿ ಕಲಿತ ಕನ್ನಡದಲ್ಲಿ ಅರ್ಧ ಶಬ್ದಗಳನ್ನು ಹಿರಿಯರೆದುರು ಆಡುವ ಹಾಗಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ಅವರು ಬಹಳ ಮೌನಿಯಾಗಿದ್ದರೆಂದು ನಮ್ಮ ಮನೆಯವರೆಲ್ಲ ಮೆಚ್ಚಿಕೊಂಡರು. ಅವರ ತಾಯಿ ರಾಜ್ಯಲಕ್ಷ್ಮಿಯವರನ್ನು ನಾನು ಅಲ್ಲಿಯ ರೂಢಿಯಂತೆ ಅತ್ತಯ್ಯ ಎಂದು ಕರೆಯತೊಡಗಿದೆ. ತೆಲುಗಿನಲ್ಲಿ ಅತ್ತೆಗೆ ಗೌರವದಿಂದ ಹಾಗೆನ್ನುತ್ತಾರೆ. ಹಾಸನದಲ್ಲಿ ನನ್ನಮ್ಮನಿಗೆ ಮಾತ್ರ ಇದು ಕೊನೆಯವರೆಗೂ ಒಗ್ಗಲಿಲ್ಲ. "ಅತ್ತೆ ಅನ್ನು, ಇಲ್ಲಾ ಅಯ್ಯ ಅನ್ನು. ಇದೇನೇ ಅದು, ಗಂಡೋ ಹೆಣ್ಣೋ ತಿಳಿಯದ ಹಾಗೆ?" ಎನ್ನುತ್ತಿದ್ದಳು.

ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಪ್ರಸಾದರ ಕೆಲಸ ವಿಜಯವಾಡದ ಪಕ್ಕ, ಇಬ್ರಾಹಿಂಪಟ್ನಂನ ಕಲ್ಲಿದ್ದಲ ವಿದ್ಯುತ್ ಸ್ಥಾವರದಲ್ಲಿ. ಅವರು ಅಲ್ಲೇ ಉಳಿದು ವಾರದ ಕೊನೆಗೆ ರೈಲಿನಲ್ಲಿ ಬರುವುದು, ನಾನು ವಿಶಾಖಪಟ್ಟಣದಲ್ಲಿ ಮನೆ ಮಾಡುವುದು ಎಂದಾಯಿತು. "ಹೊಸ ಊರು, ಒಂಟಿ ಹೆಂಗಸು" ಎಂದು ನನ್ನ ಜೊತೆಗೆ ಹೊರಟ ಅತ್ತಯ್ಯ ಮೊದಲು ಹೇಳಿದ್ದು ಒಂದು ತಿಂಗಳು. ಸಮುದ್ರದ ಗಾಳಿಯೂ ಪಕ್ಕದ ಸಿಂಹಾಚಲ ಬೆಟ್ಟದ ಸಂಪಿಗೆಯೂ ಅವರಿಗೆ ಹಿಡಿಸಿ ಆ ತಿಂಗಳು ಮುಗಿಯಲೇ ಇಲ್ಲ. ನಮ್ಮಿಬ್ಬರ ನಡುವೆ ಒಂದು ಭಾಷೆ ಬೆಳೆಯಿತು. ಅವರ ತೆಲುಗಿಗೆ ನನ್ನ ಕನ್ನಡದ ಬಾಲ, ನನ್ನ ಕನ್ನಡಕ್ಕೆ ಅವರ ಮರ್ಯಾದೆಯ "ಅಂಡಿ", ನಮ್ಮ "ರೀ" ಇದ್ದ ಹಾಗೆ. ನಾನು ಒಮ್ಮೆ ಫೋನಿನಲ್ಲಿ ಬೆಂಗಳೂರಿನ ಮೇಲಧಿಕಾರಿಗೆ "ಹೌದಂಡಿ" ಎಂದುಬಿಟ್ಟೆ.

ಅತ್ತಯ್ಯ ಹಾಡುತ್ತಿದ್ದರು. ಮದುವೆಗೆ ಮುಂಚೆ ರೇಡಿಯೋದಲ್ಲಿ ಹಾಡಿದವರು. ಮದುವೆಯಾದ ಮೇಲೆ ಅವರ ಸಂಗೀತ ಅಡುಗೆಮನೆಯನ್ನು ದಾಟಿರಲಿಲ್ಲ. ಆದರೆ ಆ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ, ಹಾಲು ಕಾಯುವುದರಿಂದ ಹಿಡಿದು ಸಾರಿಗೆ ಒಗ್ಗರಣೆ ಬೀಳುವವರೆಗೆ, ಒಂದು ರಾಗ ಆಲಾಪನೆಯಿಂದ ಕೀರ್ತನೆಯವರೆಗೆ ನಡೆದುಹೋಗುತ್ತಿತ್ತು. ತೆಳುವಾದ ಕಂಠ. ಹತ್ತಿರ ಹೋದರೆ ಮಾತ್ರ ಅದರಲ್ಲಿ ಎಷ್ಟು ಕೆಲಸವಿದೆ ಎಂದು ತಿಳಿಯುತ್ತಿತ್ತು. ನಾನು ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತರೆ ಹಾಡು ನಿಲ್ಲಿಸಿ, "ಏಮಮ್ಮಾ, ಕಾಫೀನಾ?" ಎನ್ನುತ್ತಿದ್ದರು. ಹೀಗಾಗಿ ನಾನು ಮರೆಯಲ್ಲಿ ನಿಂತು ಹಲ್ಲುಜ್ಜುವುದನ್ನು ಕಲಿತೆ.

ಒಂದು ದಸರೆಗೆ ವಿಜಯವಾಡದಲ್ಲಿ ಅತ್ತಯ್ಯನ ತಮ್ಮನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಗೊಂಬೆ ಕೂರಿಸಿದ್ದರು. ಸಂಜೆ ಎಲ್ಲರೂ ಒತ್ತಾಯ ಮಾಡಿ ಅತ್ತಯ್ಯನನ್ನು ಗೊಂಬೆಗಳ ಮುಂದೆ ಕೂರಿಸಿದರು. "ಜೊತೆಗೆ ಸೊಸೆ ಗಿಟಾರ್ ನುಡಿಸಲಿ" ಎಂದು ಯಾರೋ ಅಂದರು. ನಾನು ಉತ್ಸಾಹದಿಂದ ಆಂಪ್ಲಿಫೈಯರ್ ಜೋಡಿಸಿದೆ. ಅದು ವಿಸರ್ಜನೆಯಾದ ಆರ್ಕೆಸ್ಟ್ರಾ ಒಂದರಿಂದ ಬಂದದ್ದು, ಮೈದಾನಗಳಿಗೆ ಒಗ್ಗಿಹೋದದ್ದು. ಅತ್ತಯ್ಯ ಪಲ್ಲವಿ ಎತ್ತಿದರು, ನಾನು ತಂತಿ ಮೀಟಿದೆ. ಗಿಟಾರಿನ ಸದ್ದು ಅವರ ದನಿಯ ಮೇಲೆ ಹಾಸುಗೆ ಸುರುಳಿಯ ಹಾಗೆ ಬಿತ್ತು. ಸದ್ದು ತಗ್ಗಿಸುವ ಗುಂಡಿ ಇದ್ದದ್ದು ಆಂಪ್ಲಿಫೈಯರಿನ ಮೇಲೆ, ಮಾರು ದೂರದಲ್ಲಿ. ನನ್ನ ಎರಡು ಕೈಗಳೂ ಗಿಟಾರಿನ ಮೇಲೆ. ಮೆಲ್ಲಗೆ ಮೀಟಿ ನೋಡಿದೆ. ಮೆಲ್ಲಗೆ ಮೀಟಿದರೆ ನನ್ನ ಉಕ್ಕಿನ ಸರಳು ಕಿರಗುಟ್ಟುತ್ತಿತ್ತು, ಆ ಕಿರಗುಟ್ಟುವಿಕೆಯೂ ಜೋರಾಗಿಯೇ ಕೇಳುತ್ತಿತ್ತು.

ಪಲ್ಲವಿ ಎರಡನೆಯ ಸಲ ಬರುವಷ್ಟರಲ್ಲಿ ಅತ್ತಯ್ಯ ಹಾಡು ನಿಲ್ಲಿಸಿದರು. ಕೋಪವೇನೂ ಕಾಣಲಿಲ್ಲ. "ನುವ್ವೇ ವಾಯಿಂಚುಕೋ ಅಮ್ಮಾ" ಎಂದರು, ನೀನೇ ನುಡಿಸಿಕೋ ತಾಯಿ ಎಂದು, ಮತ್ತು ಎದ್ದು ಒಳಗೆ ಹೋದರು. ಎಲ್ಲರಿಗೂ ಕಾಫಿ ತರಲು ಹೋಗಿದ್ದಾರೆಂದು ನಾನು ಭಾವಿಸಿ ಚರಣದವರೆಗೂ ನುಡಿಸಿದೆ. ಕಾಫಿ ಬರಲಿಲ್ಲ.

ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ಬೆಳಗಿನ ರಾಗ ನಿಂತಿತು. ಹಾಲು ಕಾಯುತ್ತಿತ್ತು, ಒಗ್ಗರಣೆ ಸಿಡಿಯುತ್ತಿತ್ತು, ಅಷ್ಟೇ. ನಾನು ಮರೆಯಲ್ಲಿ ನಿಂತು ಸುಮ್ಮನೆ ಹಲ್ಲುಜ್ಜಿದೆ. ಒಂದು ದಿನ ಕೇಳಿಯೇಬಿಟ್ಟೆ. "ಗೊಂತು ಬಾಗೋಲೇದು" ಎಂದು ಅವರು ಗಂಟಲಿನ ಮೇಲೆ ಹಾಕಿದರು. ಗಂಟಲಿಗೆ ಏನೂ ಆಗಿಲ್ಲ ಎಂಬುದು ಅವರು ಹಾಲಿನವನನ್ನು ಗದರುವಾಗ ಬೀದಿಗೇ ಗೊತ್ತಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ನಮ್ಮ ಬ್ಯಾಂಕಿನ ಕುಲಕರ್ಣಿ ಬಂದರು. ಧಾರವಾಡದವರು, ಊರಿನ ಕನ್ನಡ ಸಂಘಕ್ಕೆ ಕಾರ್ಯದರ್ಶಿ. "ಏನ್ರೀ ವಿಮಲಾ ಮೇಡಂ, ಯುಗಾದಿ ಕಾರ್ಯಕ್ರಮಕ್ಕ ನಿಮ್ಮ ಗಿಟಾರ್ ಇಟ್ಟೀನಿ ನೋಡ್ರಿ. ನಿಮ್ಮ ಅತ್ತಿಯವರೂ ಭಾಳ ಛಲೋ ಹಾಡ್ತಾರಂತಲ್ಲ? ಅವರ ಹೆಸರೂ ಬರಕೊಳ್ಳಲೇನು?"

"ಬರ್ಕೊಳ್ಳಿ" ಎಂದೆ.

ನನ್ನ ಸ್ವಭಾವವೇ ಹಾಗೆ. ಧೈರ್ಯ ಮೊದಲ ರೈಲಿಗೆ ಬಂದು ಇಳಿದಿರುತ್ತದೆ, ತಯಾರಿ ಮುಂದಿನ ರೈಲಿಗೆ. ಅತ್ತಯ್ಯನಿಗೆ ಬಾಯಲ್ಲಿ ಹೇಳಿ ಒಪ್ಪಿಸಲಾಗದೆಂದು ನನಗೆ ಗೊತ್ತಿತ್ತು. ಅವರ ದನಿಯ ಪಕ್ಕದಲ್ಲಿ ಗಿಟಾರ್ ತಗ್ಗಿ ಕೂರಬಲ್ಲದು ಎಂದು ಅವರ ಕಿವಿಗೇ ಕೇಳಿಸಬೇಕು. ಕೈ ಖಾಲಿಯಿಲ್ಲ, ಕಾಲು ಖಾಲಿಯಿದೆ. ಹಾಗಾಗಿ ವಾಲ್ಯೂಮ್ ಪೆಡಲ್. ಹೊಲಿಗೆ ಯಂತ್ರದ ಪಾದಹಲಗೆಯಂಥದ್ದೇ ಒಂದು ಸಣ್ಣ ಸಾಧನ: ಬೆರಳ ಕಡೆ ಒತ್ತಿದರೆ ಸದ್ದು ಏರುತ್ತದೆ, ಹಿಮ್ಮಡಿಯ ಕಡೆ ಒತ್ತಿದರೆ ಇಳಿಯುತ್ತದೆ.

ಸಿಕ್ಕಿದ್ದು ಎರಡು. ಮೊದಲನೆಯದು ವಿಜಯವಾಡದ ಗವರ್ನರ್‌ಪೇಟೆಯ ವಾದ್ಯದಂಗಡಿಯಲ್ಲಿ. ಹಳೆಯ ಕಬ್ಬಿಣದ್ದು, ಕಾಲ ಮೇಲೆ ಬಿದ್ದರೆ ಕಾಲೇ ಹೋಗುವಷ್ಟು ಭಾರ. ಅಂಗಡಿಯವರು ಗಿಟಾರಿಗೆಂದೇ ಮಾಡಿದ್ದು ಎಂದು ಪ್ರಮಾಣ ಮಾಡಿದರು. ಅದು ನಿಜವೂ ಆಗಿತ್ತು. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒತ್ತಿದೆ. ಕೂದಲೆಳೆಯಷ್ಟು ಒತ್ತಿದರೆ ಸದ್ದು ಧಡಕ್ಕನೆ ಮುಕ್ಕಾಲು ಏರಿಬಿಟ್ಟಿತು. ಆಮೇಲೆ ಪಾದವಿಡೀ ಒತ್ತಿದರೂ ಏನೂ ಆಗಲಿಲ್ಲ. ಎರಡನೆಯದು ಭೀಮುನಿಪಟ್ಟಣದಲ್ಲಿ, ನಿವೃತ್ತರಾದ ಹಡಗಿನ ಇಂಜಿನಿಯರರೊಬ್ಬರ ಮನೆಯಲ್ಲಿ. ಮಗಳ ಕೀಬೋರ್ಡಿಗೆಂದು ಯಾವುದೋ ಬಂದರಿನಿಂದ ತಂದದ್ದಂತೆ. ಮಗಳು ಕೀಬೋರ್ಡ್ ಬಿಟ್ಟು ಟೆನಿಸ್ ಹಿಡಿದಿದ್ದಳು. ಅತ್ತಯ್ಯನೂ ಸಮುದ್ರ ನೋಡುವ ನೆಪದಲ್ಲಿ ಡಬ್ಬಿಯಲ್ಲಿ ಚಕ್ಕುಲಿ ತುಂಬಿಕೊಂಡು ನನ್ನ ಜೊತೆ ಬಸ್ಸು ಹತ್ತಿದ್ದರು. ಒಳಗೆ ಏನು ನಡೆಯುತ್ತಿದೆ ಎಂದು ಕೇಳದೆ ಜಗಲಿಯಲ್ಲಿ ಆ ಮನೆಯಾಕೆಯೊಡನೆ ಮಾತಿಗೆ ಕೂತರು. ಒಣಮೀನಿನ ವಾಸನೆ ಗಾಳಿಯಲ್ಲಿ ಬಂದಾಗಲೆಲ್ಲ ಸೆರಗು ಮೂಗಿಗೆ ಹೋಗುತ್ತಿತ್ತು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

ಈ ಪೆಡಲ್ಲು ಬೆಣ್ಣೆಯಂತೆ ಇಳಿಯಿತು, ಬೆಣ್ಣೆಯಂತೆ ಏರಿತು. ಆದರೆ ಒಂದು ದೋಷ. ಇದನ್ನು ಗಿಟಾರಿಗೆ ನೇರ ಸಿಕ್ಕಿಸಿದರೆ ದನಿಯ ಹೊಳಪೆಲ್ಲ ಹೋಗಿ, ಕಂಬಳಿ ಹೊದ್ದವರು ಒಳಗಿನಿಂದ ಮಾತಾಡಿದ ಹಾಗೆ ಕೇಳುತ್ತಿತ್ತು. ಕೀಬೋರ್ಡಿನಿಂದ ಬರುವ ಸದ್ದು ಬಲಶಾಲಿ, ಗಿಟಾರಿನದು ಬಡಕಲು. ಕೀಬೋರ್ಡಿಗೆ ಮಾಡಿದ ಪೆಡಲ್ಲು ಈ ಬಡಕಲನ್ನು ನುಂಗಿಬಿಡುತ್ತದೆ. ಇಂಜಿನಿಯರರೇ ಪ್ರಾಮಾಣಿಕವಾಗಿ, "ಇದು ನಿಮಗಾಗದಮ್ಮಾ" ಎಂದರು. ನಾನು ಎರಡನ್ನೂ ಮನಸ್ಸಿನಲ್ಲಿ ತೂಗಿದೆ. ದನಿ ಮಂಕಾದರೆ ಅದಕ್ಕೆ ಪೆಡಲ್ಲನ್ನು ಎಲ್ಲಿ ಇಡುತ್ತೇನೆ ಎಂಬುದರಿಂದ ಮದ್ದು ಮಾಡಬಹುದು. ಧಡಕ್ಕನೆ ಜಿಗಿಯುವ ಪೆಡಲ್ಲನ್ನು ಎಲ್ಲಿ ಇಟ್ಟರೂ ಅದು ಜಿಗಿಯುವುದೇ. "ಇದೇ ಇರಲಿ" ಎಂದೆ. ಇವತ್ತಿಗೂ ಯಾರಾದರೂ ಹುಡುಗರು ಬಂದು ಕೇಳಿದರೆ ಇದೇ ಮಾತು ಹೇಳುತ್ತೇನೆ: ಪೆಡಲ್ಲನ್ನು ಮೊದಲು ಪಾದಕ್ಕೆ ಕೇಳಿ, ಆಮೇಲೆ ಕಿವಿಗೆ.

ಮನೆಗೆ ತಂದ ಮೇಲೆ ಮೊದಲ ತೊಂದರೆ ಕೊಟ್ಟದ್ದು ನನ್ನ ಕಾಲೇ. ಹಾಸನದಿಂದ ಬಂದ ತಾಳದ ಅಭ್ಯಾಸ! ಆದಿತಾಳಕ್ಕೆ ಸರಿಯಾಗಿ ಪೆಡಲ್ ಕುಣಿದು, ಎತ್ತಿನಗಾಡಿಯಲ್ಲಿ ಕೂತು ನುಡಿಸಿದ ಹಾಗೆ ಗಿಟಾರ್ ಏರಿಳಿಯಿತು. ಒಮ್ಮೆ ಸೀರೆಯ ನೆರಿಗೆ ಪೆಡಲ್ಲಿನ ಕೀಲಿಗೆ ಸಿಕ್ಕಿಕೊಂಡು, ಪೂರ್ತಿ ಏರಿದ ಸದ್ದು ಇಳಿಯಲೇ ಇಲ್ಲ. ತಾಳವನ್ನು ಎಡಗಾಲಿಗೆ ವರ್ಗ ಮಾಡಿದೆ. ಬ್ಯಾಂಕಿನಲ್ಲಿ ಕೌಂಟರಿನ ಕೆಳಗೆ ಎಡಗಾಲಲ್ಲಿ ತಾಳ, ಬಲಗಾಲಲ್ಲಿ ಪೆಡಲ್ ಎಂದು ಅಭ್ಯಾಸ ನಡೆಸಿದೆ. ನಮ್ಮ ಅಟೆಂಡರ್ ಎರಡು ಸಲ ಬಗ್ಗಿ ಇಲಿ ಹುಡುಕಿದ.

ಆಮೇಲೆ ನಿಜವಾದ ಪ್ರಶ್ನೆ ಬಂತು: ಪೆಡಲ್ಲು ಎಲ್ಲಿರಬೇಕು? ನನ್ನ ಬಳಿ ಒಂದು ಎಕೋ ಪೆಟ್ಟಿಗೆಯೂ ಇತ್ತು, ನುಡಿಸಿದ ಸ್ವರವನ್ನು ಸ್ವಲ್ಪ ಹೊತ್ತು ಮತ್ತೆ ಮತ್ತೆ ಮೆಲ್ಲಗೆ ಹೇಳುವಂಥದ್ದು. ಶನಿವಾರ ಬೆಳಿಗ್ಗೆ ರೈಲಿನಿಂದಿಳಿದು ಬಂದ ಪ್ರಸಾದ್, ಅಂಗಿಯ ಕಾಲರಿನಲ್ಲಿ ಇಬ್ರಾಹಿಂಪಟ್ನಂನ ಬೂದಿಯ ಗೆರೆ ಇದ್ದ ಹಾಗೆಯೇ, ತೀರ್ಪು ಕೊಟ್ಟರು.

"ಎಲ್ಲದರ ಕೊನೆಗೆ ಇಡು. ಗಿಟಾರ್, ಎಕೋ, ಆಮೇಲೆ ಪೆಡಲ್ಲು, ಆಮೇಲೆ ಆಂಪ್ಲಿಫೈಯರ್. ನಮ್ಮ ಪ್ಲಾಂಟಲ್ಲಿ ನೋಡು, ಮುಖ್ಯ ವಾಲ್ವ್ ಯಾವತ್ತೂ ಕೊನೆಗೇ. ಎಕೋ ದಾಟಿ ಬಂದ ಸದ್ದು ಬಲವಾಗಿರುತ್ತೆ, ಪೆಡಲ್ಲು ಅದನ್ನು ನುಂಗೋದೂ ಇಲ್ಲ."

"ಕೊನೆಗಿಟ್ರೆ ನಾನು ಸದ್ದು ಇಳಿಸಿದ ತಕ್ಷಣ ಎಕೋನೂ ಸಾಯುತ್ತೆ" ಎಂದೆ.

"ಸಾಯ್ಲಿ. ಸದ್ದು ಕಮ್ಮಿ ಆಗ್ಬೇಕು ಅಂತ ತಾನೇ ನೀನು ಹೇಳೋದು?"

"ಕಮ್ಮಿ ಆಗೋದು ಬೇರೆ, ಕತ್ತರಿಸಿ ಹೋಗೋದು ಬೇರೆ ರೀ."

ಭಾನುವಾರ ಬೆಳಿಗ್ಗೆ ಇಬ್ಬರೂ ಹಜಾರದಲ್ಲಿ ವೈರುಗಳ ನಡುವೆ ಕೂತೆವು. ಅತ್ತಯ್ಯ ಅಡುಗೆಮನೆಯಲ್ಲಿ ಗೋಂಗೂರ ಸೊಪ್ಪು ಬಿಡಿಸುತ್ತಿದ್ದರು. ಮೊದಲು ಪ್ರಸಾದರ ಪ್ರಕಾರ ಜೋಡಿಸಿದೆವು. ದನಿಯ ಹೊಳಪು ಮರಳಿತು, ಅವರ ಮುಖವೂ ಹೊಳೆಯಿತು. ಆದರೆ ನಾನು ಸ್ವರವೊಂದನ್ನು ಮೀಟಿ ಹಿಮ್ಮಡಿಯೂರಿದೆನೋ ಇಲ್ಲವೋ, ಮಾತಿನ ನಡುವೆ ಬಾಗಿಲು ಹಾಕಿದ ಹಾಗೆ ಎಲ್ಲವೂ ಮುಚ್ಚಿಹೋಯಿತು. ಅಡುಗೆಮನೆಯಲ್ಲಿ ಸೊಪ್ಪಿನ ದಂಟು ಮುರಿಯುವ ಸದ್ದು ಬಿಟ್ಟರೆ ಬೇರೇನಿಲ್ಲ.

"ಈಗ ನನ್ನ ಪ್ರಕಾರ" ಎಂದೆ. ಪೆಡಲ್ಲು ಎಕೋಗಿಂತ ಮುಂಚೆ. ಹಾಗಿಟ್ಟರೆ ಗಿಟಾರಿನ ಬಡಕಲು ಸದ್ದಿಗೆ ಮೊದಲೇ ಬಲ ತುಂಬಬೇಕು. ಪ್ರಸಾದ್ ವಾದದಲ್ಲಿ ಸೋಲುವವರಲ್ಲ, ಆದರೆ ಬೆಸುಗೆ ಹಾಕುವ ಅವಕಾಶವನ್ನು ಬಿಡುವವರೂ ಅಲ್ಲ. ಸೋಪಿನ ಡಬ್ಬಿಯೊಳಗೆ ಒಂದು ಸಣ್ಣ ಪ್ರಿ-ಆಂಪ್ ಮಾಡಿಕೊಟ್ಟರು. ಗಿಟಾರ್, ಸೋಪಿನ ಡಬ್ಬಿ, ಪೆಡಲ್ಲು, ಎಕೋ, ಆಂಪ್ಲಿಫೈಯರ್. ನಾನು ಕಲ್ಯಾಣಿಯ ಪಂಚಮವನ್ನು ಮೀಟಿ, ಪಾದ ಒತ್ತಿ ಅದನ್ನು ಅರಳಿಸಿ, ನಿಧಾನವಾಗಿ ಹಿಮ್ಮಡಿಗೆ ವಾಲಿದೆ. ಗಿಟಾರ್ ಹೊರಟುಹೋಯಿತು. ಸ್ವರ ಮಾತ್ರ ಎಕೋದಲ್ಲಿ ಉಳಿದುಕೊಂಡು, ಮೆತ್ತಗೆ, ಇನ್ನೂ ಮೆತ್ತಗೆ ಗಾಳಿಯಲ್ಲಿ ನಿಂತಿತ್ತು.

ಆ ನಿಂತ ಸ್ವರಕ್ಕೆ ಸೇರಿಕೊಂಡು ಅಡುಗೆಮನೆಯಿಂದ ಒಂದು ದನಿ ಬಂತು. ಬರೀ "ಆ"ಕಾರ. ಪಂಚಮದಲ್ಲಿ ನಿಂತು, ಸುತ್ತ ನೋಡಿ, ಮಧ್ಯಮಕ್ಕೆ ಇಳಿದು, ಮತ್ತೆ ಮೇಲೆ ಬಂತು. ಪ್ರಸಾದ್ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಡುವುದನ್ನೂ ಮರೆತರು. ತಿಂಗಳುಗಳಾಗಿದ್ದವು ಆ ದನಿ ಕೇಳಿ. ನಾನು ಮತ್ತೊಂದು ಸ್ವರ ಕೊಟ್ಟೆ, ಇಳಿಸಿದೆ. ಅವರು ಅದನ್ನೂ ಹಿಡಿದರು. ಕಾಲು ಗಂಟೆ ಹೀಗೇ ನಡೆಯಿತು, ಗೋಡೆಯ ಈ ಕಡೆ ನಾನು, ಆ ಕಡೆ ಅವರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು, ನೆಲದ ಮೇಲಿನ ವೈರುಗಳನ್ನು ನೋಡಿ, "ಇದಿ ಬಾವುಂದಿ. ಹೀಗೇ ಇಟ್ಟುಕೋ" ಎಂದರು.

ಆಗಲೇ ಸಮಯವೆಂದು, "ಅತ್ತಯ್ಯ, ಯುಗಾದಿಗೆ ಸಂಘದಲ್ಲಿ ನಿಮ್ಮ ಹೆಸರು ಕೊಟ್ಟುಬಿಟ್ಟಿದ್ದೀನಿ" ಎಂದೆ.

"ಯಾವಾಗ ಕೊಟ್ಟೆ?"

"ಈ ಪೆಡಲ್ಲು ತರೋದಕ್ಕೂ ಮುಂಚೆ."

"ಮಹಾ ಧೈರ್ಯಂ ನೀಕು!" ಎಂದು ಒಳಗೆ ಹೋದರು. ಬೇಡ ಎನ್ನಲಿಲ್ಲ. ಸಂಜೆ ನನ್ನಿಂದ ಒಂದು ಕನ್ನಡ ದೇವರನಾಮ ಹೇಳಿಸಿಕೊಂಡು ತೆಲುಗು ಲಿಪಿಯಲ್ಲಿ ಬರೆದುಕೊಂಡರು. ಕನ್ನಡದವರ ಸಭೆ, ಅವರ ಭಾಷೆಯಲ್ಲಿ ಒಂದಾದರೂ ಇರಬೇಡವೇ ಎಂದು.

ಯುಗಾದಿಯ ಮರುದಿನ, ಭಾನುವಾರದ ಸಂಜೆ, ಸಭಾಂಗಣ ತುಂಬಿತ್ತು. ಕುಲಕರ್ಣಿ ಜರತಾರಿ ಅಂಚಿನ ಪಂಚೆಯಲ್ಲಿ ಓಡಾಡುತ್ತಿದ್ದರು. ಅತ್ತಯ್ಯ ಮುಂದೆ ಜಮಖಾನೆಯ ಮೇಲೆ, ನಾನು ಅವರ ಹಿಂದೆ ಕುರ್ಚಿಯಲ್ಲಿ. ನೆರಿಗೆಗೆ ಪಿನ್ನು ಹಾಕಿದ್ದೆ, ಚಪ್ಪಲಿ ಬಿಟ್ಟಿದ್ದೆ. ಎಂದೂ ಎದೆಗುಂದದ ನಾನು, ಅತ್ತಯ್ಯ ಕಲ್ಯಾಣಿ ಎತ್ತಿದ ಕೂಡಲೇ ಹೆದರಿಬಿಟ್ಟೆ. ವಿಜಯವಾಡದ ಗೊಂಬೆಗಳೆಲ್ಲ ಕಣ್ಣ ಮುಂದೆ ಬಂದು ಕೂತವು. ಪೆಡಲ್ಲನ್ನು ಹಿಮ್ಮಡಿಯ ಕಡೆ ಪೂರ್ತಿ ಒತ್ತಿ ಹಿಡಿದೆ. ಕೈಗಳು ಸರಿಯಾಗಿಯೇ ನುಡಿಸುತ್ತಿದ್ದವು. ಕೇಳುತ್ತಿದ್ದದ್ದು ನನಗೊಬ್ಬಳಿಗೇ.

ಅನುಪಲ್ಲವಿ ಮುಗಿಯಿತು. ಅತ್ತಯ್ಯ ಹಾಡು ನಿಲ್ಲಿಸಿದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಎದ್ದೇಳಲಿಲ್ಲ. ಕತ್ತು ತಿರುಗಿಸಿ, ಮೈಕು ಬಾಯಿಯ ಹತ್ತಿರವೇ ಇರುವುದನ್ನು ಮರೆತು, ಇಡೀ ಸಭೆಗೆ ಕೇಳುವ ಹಾಗೆ ಹೇಳಿದರು: "ವಿಮಲಾ, ವಿನಪಡಟ್ಲೇದು. ಪೆಂಚು!"

ಕೇಳಿಸುತ್ತಿಲ್ಲ, ಹೆಚ್ಚಿಸು ಎಂದು. ತೆಲುಗು ನೆಲದ ಕನ್ನಡಿಗರಲ್ಲವೇ, ಅರ್ಥವಾಗದವರು ಯಾರೂ ಇರಲಿಲ್ಲ. ಸಭೆ ನಕ್ಕಿತು. ಕುಲಕರ್ಣಿ ಮಾತ್ರ ಅದನ್ನು ಮೈಕಿನ ದೂರು ಎಂದು ತಿಳಿದು, "ಏರಸ್ರಿ, ಏರಸ್ರಿ!" ಎನ್ನುತ್ತಾ ಮೈಕಿನವನ ಕಡೆ ಓಡಿದರು. ಅವನು ಏರಿಸಿದ, ಮೈಕು ಕುಂಯ್ ಎಂದು ಚೀರಿತು. ಈ ಗದ್ದಲದ ನಡುವೆ ಅತ್ತಯ್ಯ ಇನ್ನೂ ನನ್ನ ಕಡೆಗೇ ನೋಡುತ್ತಿದ್ದರು. "ಒಬ್ಬಳೇ ಹಾಡೋದಾದ್ರೆ ನಾನು ಮನೇಲೇ ಹಾಡ್ತಿರ್ಲಿಲ್ಲವಾ?" ಎಂದು ಮೆಲ್ಲಗೆ, ಈ ಸಲ ನನಗೆ ಮಾತ್ರ ಕೇಳುವ ಹಾಗೆ ಅಂದರು.

ನಾನು ಬೆರಳೂರಿದೆ.

ಚರಣದಲ್ಲಿ ಅವರು ಮೇಲಿನ ಷಡ್ಜಕ್ಕೆ ಹೋದರು. ವಯಸ್ಸಾದ ಉಸಿರು, ಅಲ್ಲಿ ಸಾಕಾಯಿತು. ನಾನು ಅದೇ ಸ್ವರವನ್ನು ಹಿಡಿದು ಪಾದ ಒತ್ತಿದೆ. ಅವರು ನೆಮ್ಮದಿಯಾಗಿ ಉಸಿರು ತೆಗೆದುಕೊಂಡರು. ಮತ್ತೆ ಅವರ ತುಟಿ ಬಿಚ್ಚಿದ್ದು ಕಂಡಾಗ ನಾನು ಹಿಂದೆ ವಾಲಿದೆ. ಸ್ವರ ಎಕೋದಲ್ಲಿ ಉಳಿದಿತ್ತು, ಅವರು ಅದರೊಳಗಿನಿಂದಲೇ ಹೊರಟರು. ಆಮೇಲೆ ಭಯವಿರಲಿಲ್ಲ. ಎಲ್ಲಿ ಏರಬೇಕು, ಎಲ್ಲಿ ತಗ್ಗಬೇಕು ಎಂದು ಯೋಚಿಸಬೇಕಾಗಲೂ ಇಲ್ಲ. ಕನ್ನಡ ದೇವರನಾಮ ಅತ್ತಯ್ಯನ ಬಾಯಲ್ಲಿ ಅರ್ಧ ತೆಲುಗಾಗಿ ಬಂತು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಕುಲಕರ್ಣಿ ವಂದನಾರ್ಪಣೆಯಲ್ಲಿ ಮೈಕಿನವನಿಗೆ ವಿಶೇಷ ಧನ್ಯವಾದ ಹೇಳಿದರು.

ಮರುದಿನ ಬೆಳಿಗ್ಗೆ ನಾನು ಬ್ಯಾಂಕಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ರಜೆ ಹಾಕಿ ಉಳಿದಿದ್ದ ಪ್ರಸಾದ್ ಪೇಪರ್ ಓದುತ್ತಿದ್ದರು. ಅತ್ತಯ್ಯ ಅಡುಗೆಮನೆಯಿಂದ ಒಂದು ಕುರ್ಚಿ ಎಳೆದುಕೊಂಡು ಬಂದು ನನ್ನ ಕುರ್ಚಿಯ ಪಕ್ಕಕ್ಕೆ ಹಾಕಿದರು.

"ಐದು ನಿಮಿಷ ಕೂತ್ಕೋ. ಗಿಟಾರ್ ತೊಗೋ."

"ಹೊತ್ತಾಯ್ತು ಅತ್ತಯ್ಯ."

"ಕೂತ್ಕೋ ಅಂದೆನಲ್ಲ."

ಕೂತೆ. ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಪೆಡಲ್ಲಿನ ಮೇಲೆ ಕಾಲಿಟ್ಟೆ. "ಕಾಲು ತೀಯಿ" ಎಂದರು. ತೆಗೆದೆ. ಅವರು ತಮ್ಮ ಪಾದವನ್ನು, ಅರಿಶಿನದ ಬಣ್ಣ ಉಳಿದ ಒಡೆದ ಹಿಮ್ಮಡಿಯ ಆ ಪಾದವನ್ನು, ಪೆಡಲ್ಲಿನ ಮೇಲೆ ಇಟ್ಟು, ಮೇಲೆ ಕೆಳಗೆ ಒಂದೆರಡು ಸಲ ಆಡಿಸಿ ನೋಡಿದರು. "ನೀನು ಕೈ ನೋಡ್ಕೋ. ಇದು ನಾನು ನೋಡ್ಕೊಳ್ತೀನಿ."

ಅವರು ಎತ್ತಿಕೊಂಡದ್ದು ಮೋಹನ ರಾಗ. ನಾನು ಮೀಟಿದೆ. ನನ್ನ ಸ್ವರ ನನ್ನ ಕೈಯಿಂದ ಹೊರಟು, ಎಷ್ಟು ದೂರ ಹೋಗಬೇಕೆಂದು ಅವರ ಪಾದವನ್ನು ಕೇಳಿ ಹೋಗುತ್ತಿತ್ತು. ಸ್ವಲ್ಪ ಹೊತ್ತು ಮೆತ್ತಗಿಟ್ಟರು. ಆಮೇಲೆ ಅವರಿಗೆ ಅದರ ರುಚಿ ಹತ್ತಿತು. ಒತ್ತಿದರು, ಇನ್ನೂ ಒತ್ತಿದರು, ಕಿಟಕಿಯ ಗಾಜು ಗುಂಯ್‌ಗುಟ್ಟುವವರೆಗೆ ಒತ್ತಿದರು. ಅದರ ಮೇಲೆ ತಮ್ಮ ದನಿಯನ್ನೂ ಏರಿಸಿದರು. ಆ ತೆಳು ಕಂಠದಲ್ಲಿ ಅಷ್ಟು ಜಾಗವಿದೆಯೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಪ್ರಸಾದ್ ಪೇಪರ್ ಮಡಿಸಿ ಕೆಳಗಿಟ್ಟರು. ಪಕ್ಕದ ಮನೆಯಾಕೆ ಏನಾಯಿತೆಂದು ಓಡಿಬಂದು ಬಾಗಿಲಲ್ಲಿ ನಿಂತಳು. ಅತ್ತಯ್ಯ ಕಾಲು ತೆಗೆಯಲಿಲ್ಲ, ಹಾಡೂ ನಿಲ್ಲಿಸಲಿಲ್ಲ. ಕೈಸನ್ನೆಯಲ್ಲೇ ಆಕೆಗೆ ಒಂದು ಕುರ್ಚಿ ತೋರಿಸಿದರು.